ಆರಿಸುವ ಕೈ, ಹಿಡಿಯುವ ಕೈ
(ನಮ್ಮ ಮೈಯೊಳಗಿನ ಸಕ್ಕರೆ ಗುರುತಿನ ಪಾಠ)



ಅಕ್ಕಿ ಆರಿಸುವುದು ನಿಮಗೆಲ್ಲ ಗೊತ್ತು. ಮೊರದಲ್ಲಿ ಅಕ್ಕಿ ಹರಡುತ್ತೀರಿ. ಕಲ್ಲು ಕಂಡರೆ ಬೆರಳು ತಾನಾಗಿ ಅಲ್ಲಿಗೆ ಹೋಗುತ್ತದೆ. ನೆಲ್ಲು ಕಂಡರೆ ಅದನ್ನೂ ತೆಗೆಯುತ್ತದೆ. ಅಕ್ಕಿಯನ್ನು ಮಾತ್ರ ಬಿಡುತ್ತದೆ. ಯಾವುದು ನಮಗೆ ಬೇಕು, ಯಾವುದು ಬೇಡ, ಎಂದು ಬೆರಳಿಗೆ ಗುರುತು ಸಿಕ್ಕಿರುತ್ತದೆ.

ನಮ್ಮ ಮೈಯೊಳಗೂ ಇಂಥದೇ ಕೆಲಸ ನಡೆಯುತ್ತಿದೆ. ಹಗಲೂ ರಾತ್ರಿ ನಡೆಯುತ್ತಿದೆ. "ಇದು ನಮ್ಮದು, ಬಿಡು. ಇದು ರೋಗಾಣು, ಹಿಡಿ" ಎಂದು ಆರಿಸುವ ಕೈಗಳು ಅಲ್ಲಿವೆ. ಆ ಕೈಗಳಿಗೆ ಕಣ್ಣಿಲ್ಲ. ಹಾಗಾದರೆ ಗುರುತು ಸಿಗುವುದು ಹೇಗೆ?

ಸಕ್ಕರೆಯಿಂದ!

ಆಶ್ಚರ್ಯ ಆಯಿತೇ? ಬನ್ನಿ, ನಿಧಾನವಾಗಿ ಓದೋಣ.

1. ಮೈ ಎಂಬ ದೊಡ್ಡ ಊರು

ಗೋಡೆಗೆ ಇಟ್ಟಿಗೆ ಇದ್ದ ಹಾಗೆ ನಮ್ಮ ಮೈಗೆ ಜೀವಕೋಶ. ಚರ್ಮ, ಮೂಳೆ, ರಕ್ತ, ಕರುಳು, ಎಲ್ಲವೂ ಜೀವಕೋಶಗಳಿಂದ ಆಗಿವೆ. ಇವು ಬರಿಗಣ್ಣಿಗೆ ಕಾಣುವುದಿಲ್ಲ. ಸಣ್ಣ ಸಾಸಿವೆ ಕಾಳಿನಷ್ಟು ರಕ್ತ ತೆಗೆದುಕೊಳ್ಳಿ. ಅಷ್ಟರಲ್ಲೇ ಸುಮಾರು 40 ಲಕ್ಷ ಕೆಂಪು ಕೋಶಗಳು ಇರುತ್ತವೆ.

ಇಟ್ಟಿಗೆಗೆ ಜೀವ ಇಲ್ಲ. ಕೋಶಕ್ಕೆ ಜೀವ ಇದೆ. ಅದು ಉಣ್ಣುತ್ತದೆ, ಕೆಲಸ ಮಾಡುತ್ತದೆ, ಪಕ್ಕದ ಕೋಶದ ಜೊತೆ ಒಡನಾಡುತ್ತದೆ. ಒಡನಾಡಬೇಕಾದರೆ ಪರಿಚಯ ಬೇಕಲ್ಲವೇ? ಅದಕ್ಕೇ ಪ್ರತಿ ಕೋಶದ ಮೈಮೇಲೆ ಒಂದು ಗುರುತು ಇದೆ. ಸಣ್ಣ ಸಣ್ಣ ಸಕ್ಕರೆ ಮಣಿಗಳನ್ನು ಪೋಣಿಸಿದ ಸರಗಳು ಕೋಶದ ಹೊರಗೆ ಜೋತಾಡುತ್ತವೆ. ಒಂದು ಸರಕ್ಕೆ ಎರಡು ಮಣಿ, ಇನ್ನೊಂದಕ್ಕೆ ಹತ್ತು ಮಣಿ. ಕೆಲವು ಸರಗಳು ಮರದ ಕೊಂಬೆಯ ಹಾಗೆ ಕವಲು ಒಡೆದಿರುತ್ತವೆ.

ಇಲ್ಲಿ ಒಂದು ಮಾತು. ಇದು ನಾವು ಚಹಕ್ಕೆ ಹಾಕುವ ಸಕ್ಕರೆ ಅಲ್ಲ. ಸಕ್ಕರೆಯಲ್ಲಿ ಬಹಳ ಜಾತಿ ಇದೆ. ಮ್ಯಾನೋಸ್, ಗ್ಯಾಲಕ್ಟೋಸ್, ಫ್ಯೂಕೋಸ್, ಹೀಗೆ ಅವುಗಳ ಹೆಸರು. ನಮ್ಮ ಮೈಯೇ ಇವನ್ನು ತಯಾರಿಸಿಕೊಳ್ಳುತ್ತದೆ. ಸಿಹಿ ಜಾಸ್ತಿ ತಿಂದರೆ ಈ ಸರ ಉದ್ದ ಆಗುವುದಿಲ್ಲ. ಸಕ್ಕರೆ ಕಾಯಿಲೆಯ ವಿಷಯವೇ ಬೇರೆ.

2. ಹಿಡಿಯುವ ಕೈಯ ಹೆಸರು ಲೆಕ್ಟಿನ್

ಗುರುತು ಇದ್ದರೆ ಸಾಲದು. ಅದನ್ನು ಓದುವವರೂ ಬೇಕು. ಸಕ್ಕರೆ ಸರವನ್ನು ಗುರುತು ಹಿಡಿಯುವ ಒಂದು ಬಗೆಯ ಪ್ರೋಟೀನ್ ಇದೆ. ಅದರ ಹೆಸರು ಲೆಕ್ಟಿನ್. ಲೆಕ್ಟಿನ್‌ಗೆ ಒಂದು ಸಣ್ಣ ಕುಳಿ ಇರುತ್ತದೆ. ಸರಿಯಾದ ಸಕ್ಕರೆ ಮಣಿ ಬಂದರೆ ಮಾತ್ರ ಆ ಕುಳಿಯಲ್ಲಿ ಕೂರುತ್ತದೆ. ಬೇರೆ ಮಣಿ ಬಂದರೆ ಕೂರುವುದಿಲ್ಲ. ಬೀಗಕ್ಕೆ ಅದರದೇ ಬೀಗದ ಕೈ ಇದ್ದ ಹಾಗೆ.

ಈ ಹೆಸರು ಇಟ್ಟಿದ್ದು 1954ರಲ್ಲಿ. ಅಮೆರಿಕದ ಬಾಯ್ಡ್ ಎಂಬ ವಿಜ್ಞಾನಿ ಇಟ್ಟರು. ಲ್ಯಾಟಿನ್ ಭಾಷೆಯಲ್ಲಿ "ಆರಿಸು" ಎಂಬ ಮಾತಿನಿಂದ ಈ ಹೆಸರು ಬಂತು. ನೀವು ಮೊರ ಹಿಡಿದು ಮಾಡುವ ಕೆಲಸದ ಹೆಸರೇ ಇದಕ್ಕೂ ಬಂತು ನೋಡಿ!

ಲೆಕ್ಟಿನ್ ಮೊದಲು ಸಿಕ್ಕಿದ್ದು ಎಲ್ಲಿ ಗೊತ್ತೇ? ಹರಳು ಬೀಜದಲ್ಲಿ. 1888ರಲ್ಲಿ ಸ್ಟಿಲ್‌ಮಾರ್ಕ್ ಎಂಬುವರು ಹರಳು ಬೀಜದ ಸಾರವನ್ನು ರಕ್ತಕ್ಕೆ ಸೇರಿಸಿ ನೋಡಿದರು. ರಕ್ತದ ಕೋಶಗಳು ಒಂದಕ್ಕೊಂದು ಅಂಟಿ ಗಂಟು ಗಂಟಾದವು. ಒಂದು ಲೆಕ್ಟಿನ್‌ಗೆ ಎರಡು ಮೂರು ಕೈ ಇರುವುದುಂಟು. ಒಂದು ಕೈಯಲ್ಲಿ ಒಂದು ಕೋಶ, ಇನ್ನೊಂದು ಕೈಯಲ್ಲಿ ಇನ್ನೊಂದು ಕೋಶ ಹಿಡಿಯುತ್ತದೆ. ಅದಕ್ಕೇ ಗಂಟು.

ಹರಳಿನಲ್ಲಿ, ಹುರುಳಿಯಲ್ಲಿ, ಅವರೆಯಲ್ಲಿ, ಕಡಲೆಕಾಯಿಯಲ್ಲಿ ಲೆಕ್ಟಿನ್ ಇದೆ. ನಮ್ಮ ಮೈಯಲ್ಲೂ ಇದೆ. ರೋಗಾಣುಗಳಲ್ಲೂ ಇದೆ. ಕಡಲೆಕಾಯಿಯ ಲೆಕ್ಟಿನ್ ಯಾವ ಆಕಾರದಲ್ಲಿದೆ ಎಂದು 1994ರಲ್ಲಿ ಬಿಡಿಸಿ ತೋರಿಸಿದವರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ವಿಜಯನ್ ಮತ್ತು ಅವರ ಜೊತೆಗಾರರು.

3. ಹುರುಳಿಕಾಳು ಮತ್ತು ರಕ್ತದ ಗುಂಪು

ರಕ್ತದ ಗುಂಪು ಎಂಬ ಮಾತು ಕೇಳಿದ್ದೀರಿ. ಎ, ಬಿ, ಎಬಿ, ಓ. ಇದು ಏನು? ಇದೂ ಸಕ್ಕರೆಯ ಗುರುತೇ!

ಕೆಂಪು ಕೋಶದ ಮೇಲೆ ಒಂದು ಮೂಲ ಸರ ಇದೆ. ಅದರ ತುದಿಗೆ ಒಂದು ಜಾತಿಯ ಮಣಿ ಸೇರಿದರೆ ಎ ಗುಂಪು. ಇನ್ನೊಂದು ಜಾತಿಯ ಮಣಿ ಸೇರಿದರೆ ಬಿ ಗುಂಪು. ಎರಡೂ ಇದ್ದರೆ ಎಬಿ ಗುಂಪು. ಎರಡೂ ಇಲ್ಲದೆ ಮೂಲ ಸರ ಮಾತ್ರ ಇದ್ದರೆ ಓ ಗುಂಪು. ಜಾತಿ, ಮತ, ಬಡವ, ಬಲ್ಲಿದ ಯಾವುದೂ ಇಲ್ಲಿ ಲೆಕ್ಕಕ್ಕಿಲ್ಲ. ಒಂದೇ ಒಂದು ಮಣಿಯ ವ್ಯತ್ಯಾಸ.

ರಕ್ತದ ಗುಂಪನ್ನು ಕಂಡುಹಿಡಿದವರು ಲ್ಯಾಂಡ್‌ಸ್ಟೈನರ್. 1901ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದರು. ಇದಕ್ಕಾಗಿ 1930ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು.

ಒಂದು ಮಣಿ ತಾನೇ, ಏನು ಮಹಾ, ಎನ್ನಬೇಡಿ. ಆ ಒಂದು ಮಣಿ ಜೀವ ಉಳಿಸುತ್ತದೆ, ಜೀವ ತೆಗೆಯುತ್ತದೆ. ಓ ಗುಂಪಿನ ಹೆಂಗಸಿಗೆ ಎ ಗುಂಪಿನ ರಕ್ತ ಕೊಟ್ಟರೆ ಏನಾಗುತ್ತದೆ? ಅವಳ ಮೈಯ ಕಾವಲು ಪಡೆ ಎ ಮಣಿಯನ್ನು ಹೊರಗಿನದು ಎಂದು ಹಿಡಿಯುತ್ತದೆ. ಬಂದ ಕೋಶಗಳು ಒಡೆದು ಹೋಗುತ್ತವೆ. ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಸಾವೂ ಬರಬಹುದು.

ಗುಂಪು ಹೊಂದಿದರೂ ಕೊಡುವವರ ರಕ್ತ, ಪಡೆಯುವವರ ರಕ್ತ ಎರಡನ್ನೂ ಬೆರೆಸಿ ಪರೀಕ್ಷೆ ಮಾಡುತ್ತಾರೆ. ಇದಕ್ಕೆ ಕಾರಣ ಇದೆ. 1952ರಲ್ಲಿ ಮುಂಬಯಿಯಲ್ಲಿ ಡಾ. ಭೇಂಡೆ ಮತ್ತು ಜೊತೆಗಾರರು ಹೊಸದೊಂದು ಗುಂಪು ಕಂಡರು. ಈ ಜನರಿಗೆ ಆ ಮೂಲ ಸರವೇ ಪೂರ್ತಿ ಇರಲಿಲ್ಲ. ಅದರ ಒಂದು ಮಣಿ ಇರಲಿಲ್ಲ. ಮೇಲೆ ನೋಡಿದರೆ ಓ ಗುಂಪಿನ ಹಾಗೆ ಕಾಣುತ್ತದೆ. ಆದರೆ ಓ ಗುಂಪಿನ ರಕ್ತವೂ ಇವರಿಗೆ ಆಗಿಬರುವುದಿಲ್ಲ. ಇದಕ್ಕೆ ಬಾಂಬೆ ಗುಂಪು ಎಂದೇ ಹೆಸರು. ಬಹಳ ವಿರಳ. ಆದರೂ ಬೆರೆಸಿ ನೋಡಿದರೆ ತಿಳಿಯುತ್ತದೆ. ಹಾಗಾಗಿ "ಪರೀಕ್ಷೆಗೆ ಯಾಕೆ ಇಷ್ಟು ಹೊತ್ತು?" ಎಂದು ಬೇಜಾರು ಮಾಡಿಕೊಳ್ಳಬೇಡಿ.

ಈಗ ಹುರುಳಿಯ ಮಾತು. ಎ ಗುಂಪಿನಲ್ಲೂ ಎ1, ಎ2 ಎಂದು ಒಳ ಪಂಗಡ ಇದೆ. ಅದನ್ನು ಬೇರೆ ಮಾಡುವುದು ಹೇಗೆ? ಹುರುಳಿಕಾಳಿನ ಲೆಕ್ಟಿನ್ ಹಾಕಿ! ಅದು ಎ1 ಕೋಶಗಳನ್ನು ಗಟ್ಟಿಯಾಗಿ ಹಿಡಿದು ಗಂಟು ಮಾಡುತ್ತದೆ. 1951ರಲ್ಲಿ ಬರ್ಡ್ ಎಂಬ ವಿಜ್ಞಾನಿ ಹುರುಳಿಯ ಈ ಗುಣವನ್ನು ಬರೆದು ತಿಳಿಸಿದರು. ಅದು ಅಚ್ಚಾದದ್ದು ಬೆಂಗಳೂರಿನ "ಕರೆಂಟ್ ಸೈನ್ಸ್" ಪತ್ರಿಕೆಯಲ್ಲಿ. ರಕ್ತನಿಧಿಗಳಲ್ಲಿ ಈ ಪರೀಕ್ಷೆ ಇಂದಿಗೂ ಇದೆ. ನಾವು ಬಸ್ಸಾರು ಮಾಡುವ ಹುರುಳಿ, ಎತ್ತಿಗೆ ಇಡುವ ಹುರುಳಿ, ಆಸ್ಪತ್ರೆಯಲ್ಲೂ ದುಡಿಯುತ್ತದೆ!

ಪಾಸಿಟಿವ್, ನೆಗೆಟಿವ್ ಎಂದೂ ಬರೆದಿರುತ್ತಾರೆ. ಅದು ಬೇರೆ ಗುರುತು, ಸಕ್ಕರೆಯದಲ್ಲ. ಆದರೆ ಬಸುರಿಯರಿಗೆ ಅದೂ ಬಹಳ ಮುಖ್ಯ.

ನೀವು ಮಾಡಬೇಕಾದ್ದು: ಬಸುರಿಯಾದ ಕೂಡಲೇ ರಕ್ತದ ಗುಂಪು ಪರೀಕ್ಷೆ ಮಾಡಿಸಿ. ತಾಯಿ ಕಾರ್ಡಿನಲ್ಲಿ ಬರೆಸಿ. ಬರೆದದ್ದನ್ನು ನೀವೇ ಓದಿ ನೋಡಿ. ಈಗ ನಿಮಗೆ ಓದಲು ಬರುತ್ತದೆ! ಹೆರಿಗೆಯಲ್ಲಿ ರಕ್ತ ಜಾಸ್ತಿ ಹೋದರೆ ಒಂದೊಂದು ನಿಮಿಷವೂ ಬೆಲೆಯುಳ್ಳದ್ದು.

4. ಮುಳ್ಳು ಚುಚ್ಚಿದಾಗ

ಕಳೆ ಕೀಳುವಾಗ ಕಾಲಿಗೆ ಜಾಲಿ ಮುಳ್ಳು ಚುಚ್ಚಿತು. ಮುಳ್ಳಿನ ಜೊತೆ ರೋಗಾಣುಗಳೂ ಒಳಗೆ ಹೋದವು. ಈಗ ಏನಾಗುತ್ತದೆ?

ರಕ್ತದಲ್ಲಿ ಬಿಳಿ ಕೋಶಗಳಿವೆ. ಇವೇ ಕಾವಲುಗಾರರು. ಆದರೆ ರಕ್ತ ಜೋರಾಗಿ ಹರಿಯುತ್ತಿರುತ್ತದೆ. ತುಂಬಿದ ಹೊಳೆಯಲ್ಲಿ ತೇಲಿ ಹೋಗುವವರು ನಡುವೆ ಇಳಿಯುವುದು ಹೇಗೆ? ದಡದಿಂದ ಯಾರಾದರೂ ಕೈ ಚಾಚಬೇಕು. ಇಲ್ಲೂ ಹಾಗೆಯೇ. ಗಾಯದ ಹತ್ತಿರದ ರಕ್ತನಾಳದ ಒಳಗೋಡೆ ಕೈ ಚಾಚುತ್ತದೆ. ಆ ಕೈಯೂ ಒಂದು ಲೆಕ್ಟಿನ್. ಅದರ ಹೆಸರು ಸೆಲೆಕ್ಟಿನ್. ಬಿಳಿ ಕೋಶದ ಮೈಮೇಲಿನ ಸಕ್ಕರೆ ಸರವನ್ನು ಅದು ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಬಿಳಿ ಕೋಶದ ಓಟ ನಿಧಾನ ಆಗುತ್ತದೆ. ಗೋಡೆಗೆ ಒರಗಿ ಉರುಳಿ ಉರುಳಿ ಬಂದು ನಿಲ್ಲುತ್ತದೆ. ಆಮೇಲೆ ಗೋಡೆಯ ಸಂದಿಯಲ್ಲಿ ನುಸುಳಿ ಹೊರಗೆ ಬಂದು ರೋಗಾಣುಗಳನ್ನು ನುಂಗುತ್ತದೆ. ಗಾಯ ಕೆಂಪಾಗಿ ಊದಿಕೊಳ್ಳುವುದಕ್ಕೆ ಈ ಕಾದಾಟವೂ ಕಾರಣ. ಕೀವಿನಲ್ಲಿ ಇರುವುದು ಬಹುಪಾಲು ಕಾದಾಡಿ ಸತ್ತ ಬಿಳಿ ಕೋಶಗಳು.

ನುಂಗುವ ಕೋಶಕ್ಕೆ ರೋಗಾಣುವಿನ ಗುರುತು ಸಿಗುವುದು ಹೇಗೆ? ಬಹಳ ರೋಗಾಣುಗಳ ಮೈಮೇಲೆ ಮ್ಯಾನೋಸ್ ಎಂಬ ಸಕ್ಕರೆ ಒತ್ತಾಗಿ ಎದ್ದು ಕಾಣುತ್ತದೆ. ನಮ್ಮ ಕೋಶಗಳಲ್ಲಿ ಮ್ಯಾನೋಸ್ ಇದ್ದರೂ ತುದಿಯಲ್ಲಿ ಸಾಮಾನ್ಯವಾಗಿ ಬೇರೆ ಮಣಿ ಮುಚ್ಚಿರುತ್ತದೆ. ಹಾಗಾಗಿ ಬರಿಯ ಮ್ಯಾನೋಸ್ ಕಂಡರೆ "ಇವನು ಹೊರಗಿನವನು" ಎಂದೇ ಅರ್ಥ. ನುಂಗುವ ಕೋಶದ ಮೇಲೆ ಇದನ್ನು ಹಿಡಿಯುವ ಕೈ ಇದೆ. ನಮ್ಮ ಪಿತ್ತಜನಕಾಂಗವೂ ಇಂಥ ಒಂದು ಲೆಕ್ಟಿನ್ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಅದು ರೋಗಾಣುವಿಗೆ ಅಂಟಿಕೊಂಡು, "ಇಲ್ಲಿದ್ದಾನೆ, ಬನ್ನಿ" ಎಂದು ಕೂಗಿದ ಹಾಗೆ ಉಳಿದ ಕಾವಲಿನವರನ್ನು ಎಬ್ಬಿಸುತ್ತದೆ.

ಈ ಗುರುತು ಇಲ್ಲದಿದ್ದರೆ ಎಷ್ಟು ಕಷ್ಟ ಎನ್ನುವುದಕ್ಕೆ ಒಂದು ನಿಜ ಸಂಗತಿ ಇದೆ. 1992ರಲ್ಲಿ ವೈದ್ಯರು ಇಬ್ಬರು ಮಕ್ಕಳ ಕಾಯಿಲೆಯ ಬಗ್ಗೆ ಬರೆದರು. ಆ ಮಕ್ಕಳಿಗೆ ಮತ್ತೆ ಮತ್ತೆ ಸೋಂಕು ಆಗುತ್ತಿತ್ತು. ರಕ್ತದಲ್ಲಿ ಬಿಳಿ ಕೋಶಗಳು ಬೇಕಾದಷ್ಟು ಇದ್ದವು. ಆದರೂ ಗಾಯದ ಜಾಗಕ್ಕೆ ಬರುತ್ತಿರಲಿಲ್ಲ. ಕೀವೂ ಆಗುತ್ತಿರಲಿಲ್ಲ. ಕಾರಣ ಏನು? ಬಿಳಿ ಕೋಶದ ಸರದಲ್ಲಿ ಫ್ಯೂಕೋಸ್ ಎಂಬ ಮಣಿ ಇರಲಿಲ್ಲ. ಸೆಲೆಕ್ಟಿನ್‌ಗೆ ಹಿಡಿತ ಸಿಗಲಿಲ್ಲ. ಪಡೆ ಇತ್ತು, ಇಳಿಯಲು ದಾರಿ ಇರಲಿಲ್ಲ. ಮುಂದೆ ಇಂಥ ಕೆಲವು ಮಕ್ಕಳಿಗೆ ಫ್ಯೂಕೋಸ್ ಸಕ್ಕರೆಯನ್ನೇ ಔಷಧಿಯಾಗಿ ಕೊಟ್ಟಾಗ ಗುಣ ಕಂಡಿತು.

5. ಕಳ್ಳನಿಗೂ ಕೈ ಇದೆ

ನಮ್ಮ ಬೀಗಕ್ಕೆ ಕಳ್ಳ ಕೂಡ ಕೀ ಮಾಡಿಕೊಳ್ಳುತ್ತಾನೆ. ರೋಗಾಣುಗಳೂ ಹಾಗೆಯೇ.

ಫ್ಲೂ ಜ್ವರದ ವೈರಸ್ ನಮ್ಮ ಗಂಟಲಿನ, ಶ್ವಾಸನಾಳದ ಕೋಶಗಳ ಸಕ್ಕರೆ ತುದಿಯನ್ನು ಹಿಡಿದು ಒಳಗೆ ಇಳಿಯುತ್ತದೆ. ಕಾಲರಾ ರೋಗಾಣು ಬಿಡುವ ವಿಷ ಕರುಳಿನ ಕೋಶದ ಸಕ್ಕರೆಯನ್ನು ಹಿಡಿಯುತ್ತದೆ. ಆಗ ಮೈಯ ನೀರೆಲ್ಲ ಭೇದಿಯಾಗಿ ಹೋಗುತ್ತದೆ.

ಹೆಂಗಸರಿಗೆ ಉರಿಮೂತ್ರ ಬರುವುದುಂಟು. ಹೇಳಿಕೊಳ್ಳಲು ನಾಚಿಕೆ. ನಾಚಿಕೆ ಬೇಡ. ಇದಕ್ಕೆ ಬಹಳ ಸಲ ಕಾರಣ ಇ. ಕೋಲಿ ಎಂಬ ಬ್ಯಾಕ್ಟೀರಿಯ. ಅದರ ಮೈಮೇಲೆ ಕೂದಲಿನಂಥ ಎಳೆಗಳಿವೆ. ಎಳೆಯ ತುದಿಯಲ್ಲಿ ಲೆಕ್ಟಿನ್ ಇದೆ. ಅದು ಮೂತ್ರಕೋಶದ ಒಳಗೋಡೆಯ ಮ್ಯಾನೋಸನ್ನು ಕಚ್ಚಿ ಹಿಡಿಯುತ್ತದೆ. ಬಯಲಿಗೆ ಹೋಗಬೇಕು, ಕತ್ತಲಾಗಲಿ ಎಂದು ಮೂತ್ರ ಕಟ್ಟಿಕೊಂಡು ಕೂತರೆ ರೋಗಾಣುವಿಗೆ ಬೆಳೆಯಲು ಹೊತ್ತು ಸಿಗುತ್ತದೆ. ನೀರು ಚೆನ್ನಾಗಿ ಕುಡಿಯಿರಿ. ಮೂತ್ರ ಕಟ್ಟಬೇಡಿ. ಉರಿ, ಜ್ವರ, ಸೊಂಟ ನೋವು ಇದ್ದರೆ ಆಸ್ಪತ್ರೆಗೆ ಹೋಗಿ. ಬಸುರಿಯರಂತೂ ತಡ ಮಾಡಲೇಬಾರದು.

6. ಸಕ್ಕರೆ ನೀರೋ, ತಾಯಿ ಹಾಲೋ?

ಒಂದು ಮನೆಯಲ್ಲಿ ಮಗು ಹುಟ್ಟಿದೆ. ಅತ್ತೆ, ಸೊಸೆ, ಆಶಾ ಕಾರ್ಯಕರ್ತೆ ಮಾತಾಡುತ್ತಿದ್ದಾರೆ. ಓದಿ.

ಅತ್ತೆ: ಮೊದಲನೇ ಹಾಲು ಹಳದಿ ಐತೆ ಕಣಮ್ಮ. ಹಿಂಡಿ ಚೆಲ್ಲಿಬಿಡು. ಮಗೀಗೆ ಒಂದೆರಡು ಚಮಚ ಸಕ್ಕರೆ ನೀರು ಹಾಕಾನ.

ಸೊಸೆ: ಅತ್ತೆ, ಆಸ್ಪತ್ರೇಲಿ ಚೆಲ್ಲಬ್ಯಾಡಿ ಅಂದ್ರಲ್ಲ?

ಆಶಾ: ಹೌದಮ್ಮ, ಚೆಲ್ಲಬೇಡಿ. ಮಗೂಗೆ ಸಕ್ಕರೆ ಬೇಕು. ಆದ್ರೆ ಅಂಗಡಿ ಸಕ್ಕರೆ ಅಲ್ಲ. ತಾಯಿ ಹಾಲಿನಲ್ಲೇ ಬೇರೆ ಜಾತಿ ಸಕ್ಕರೆ ಇದೆ.

ಅತ್ತೆ: ಅದ್ಯಾವ್ದವ್ವ ಅಂಥ ಸಕ್ಕರೆ?

ಆಶಾ: 150ಕ್ಕೂ ಜಾಸ್ತಿ ಬಗೆ ಇದೆ ಅಜ್ಜಿ. ವಿಚಿತ್ರ ಏನು ಗೊತ್ತಾ? ಮಗೂಗೆ ಅದು ಅರಗೋದೇ ಇಲ್ಲ.

ಅತ್ತೆ: ಅರಗದೇ ಇದ್ಮೇಲೆ ಯಾಕೆ ಅದು?

ಆಶಾ: ಅದು ಮಗೂನ ಕಾಯೋಕೆ. ರೋಗಾಣು ಕರುಳಿನ ಸಕ್ಕರೆ ಹಿಡ್ಕೊಳ್ಳೋಕೆ ಬರುತ್ತಲ್ಲ, ಹಾಲಿನ ಸಕ್ಕರೆನೂ ಅದೇ ಥರ ಇರುತ್ತೆ. ರೋಗಾಣು ಮೋಸ ಹೋಗಿ ಅದನ್ನೇ ಹಿಡ್ಕೊಳ್ಳುತ್ತೆ. ಆಮೇಲೆ ಮಗು ಕಕ್ಕ ಮಾಡ್ದಾಗ ಆಚೆ ಹೋಗುತ್ತೆ.

ಸೊಸೆ: ಹೊಲದಲ್ಲಿ ಬೆದರುಗೊಂಬೆ ನಿಲ್ಲಿಸಿ ಹಕ್ಕಿಗೆ ಮೋಸ ಮಾಡ್ದಂಗೆ!

ಆಶಾ: ಸರಿಯಾಗಿ ಹೇಳ್ದೆ ನೋಡು. ಅಷ್ಟೇ ಅಲ್ಲ, ಕರುಳಿನ ಒಳ್ಳೇ ಬ್ಯಾಕ್ಟೀರಿಯಕ್ಕೆ ಅದೇ ಊಟ. ಹಸು ಹಾಲಲ್ಲಿ ಈ ಸಕ್ಕರೆ ತೀರಾ ಕಮ್ಮಿ. ಮೊದಲ ದಿನಗಳ ಹಾಲಲ್ಲಿ ಎಲ್ಲಕ್ಕಿಂತ ಜಾಸ್ತಿ.

ಅತ್ತೆ: ಅಯ್ಯೋ, ಅದನ್ನೇ ಅಲ್ವಾ ನಾವು ಚೆಲ್ತಾ ಇದ್ದಿದ್ದು! ತಗೊಳ್ಳವ್ವ, ಮಗೀನ ಎದೆಗೆ ಹಾಕ್ಕೊ.

ಮಗು ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕೊಡಬೇಕು. ಆರು ತಿಂಗಳು ತುಂಬುವ ತನಕ ಎದೆಹಾಲು ಮಾತ್ರ. ಸಕ್ಕರೆ ನೀರು, ಜೇನು, ಬೆಲ್ಲದ ನೀರು ಬೇಡ.

7. ಸಕ್ಕರೆ ಅಂಗಿ ತೊಟ್ಟ ರೋಗಾಣು

ಕೆಲವು ರೋಗಾಣುಗಳು ಮೈತುಂಬ ಸಕ್ಕರೆಯ ಅಂಗಿ ತೊಟ್ಟಿರುತ್ತವೆ. ನ್ಯುಮೋನಿಯಾ ತರುವ ನ್ಯುಮೋಕಾಕಸ್ ಒಂದು. ನ್ಯುಮೋನಿಯಾ, ಮಿದುಳು ಪೊರೆಯ ಜ್ವರ ತರುವ ಹಿಬ್ ಇನ್ನೊಂದು. ಎರಡು ವರ್ಷದೊಳಗಿನ ಮಕ್ಕಳ ಕಾವಲು ಪಡೆ ಇನ್ನೂ ಎಳೆಯದು. ಬರಿಯ ಸಕ್ಕರೆ ಅಂಗಿಯನ್ನು ನೋಡಿದರೆ ಅದಕ್ಕೆ ಸರಿಯಾಗಿ ಗುರುತು ನಿಲ್ಲುವುದಿಲ್ಲ. ಅದಕ್ಕೇ ವಿಜ್ಞಾನಿಗಳು ಒಂದು ಉಪಾಯ ಮಾಡಿದರು. ಆ ಅಂಗಿಯ ಚೂರನ್ನು ಒಂದು ಪ್ರೋಟೀನಿಗೆ ಕಟ್ಟಿ ಲಸಿಕೆ ಮಾಡಿದರು. ಪ್ರೋಟೀನ್ ಜೊತೆ ನೋಡಿದ್ದು ಮಗುವಿನ ಮೈಗೆ ಚೆನ್ನಾಗಿ ನೆನಪಿರುತ್ತದೆ. ಮುಂದೆ ನಿಜವಾದ ರೋಗಾಣು ಬಂದರೆ ಕೂಡಲೇ ಹಿಡಿಯುತ್ತದೆ.

ಹಿಬ್ ಲಸಿಕೆ ಪೆಂಟಾವೇಲೆಂಟ್ ಎಂಬ ಐದು ಲಸಿಕೆಯ ಸೂಜಿಯಲ್ಲಿ ಸೇರಿದೆ. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ ಹಾಕುತ್ತಾರೆ. ನ್ಯುಮೋಕಾಕಸ್ ಲಸಿಕೆಗೆ ಪಿಸಿವಿ ಎಂದು ಹೆಸರು. ಒಂದೂವರೆ ತಿಂಗಳು, ಮೂರೂವರೆ ತಿಂಗಳು, ಆಮೇಲೆ ಒಂಬತ್ತು ತಿಂಗಳಿಗೆ ಹಾಕುತ್ತಾರೆ. 2021ರಿಂದ ಇದನ್ನು ದೇಶದ ಎಲ್ಲ ಕಡೆಗೂ ವಿಸ್ತರಿಸಿದ್ದಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಇವೆರಡಕ್ಕೂ ದುಡ್ಡು ಕೊಡಬೇಕಾಗಿಲ್ಲ. ಒಂದು ಸೂಜಿ ಹಾಕಿಸಿ ಬಿಟ್ಟರೆ ಸಾಲದು. ಪೂರ್ತಿ ಹಾಕಿಸಿ.

8. ಅಡುಗೆ ಮನೆಯಲ್ಲಿ

ಕಾಳುಗಳಲ್ಲಿ ಲೆಕ್ಟಿನ್ ಇದೆ ಎಂದು ಓದಿದಿರಿ. ಹೆದರಬೇಡಿ. ಚೆನ್ನಾಗಿ ಬೇಯಿಸಿದರೆ ಅದರ ಹಿಡಿತ ಹೋಗುತ್ತದೆ. ಆದರೆ ರಾಜ್ಮಾ ಕಾಳನ್ನು ಅರೆಬೆಂದದ್ದು ತಿಂದರೆ ಜೋರು ವಾಂತಿ, ಭೇದಿ ಆಗುತ್ತದೆ. ಅದರ ಲೆಕ್ಟಿನ್ ಕರುಳಿಗೆ ಅಂಟಿಕೊಳ್ಳುತ್ತದೆ. ಕಾಳನ್ನು ರಾತ್ರಿ ನೆನೆಹಾಕಿ. ನೆನೆದ ನೀರು ಚೆಲ್ಲಿ. ಹೊಸ ನೀರಿನಲ್ಲಿ ಕೊತಕೊತ ಕುದಿಸಿ ಮೆತ್ತಗೆ ಬೇಯಿಸಿ. ಬರೀ ಬಿಸಿ ಮಾಡಿದರೆ ಸಾಲದು.

ಹರಳು ಬೀಜ ಮಾತ್ರ ವಿಷವೇ. ಮಕ್ಕಳು ಆಟಕ್ಕೆ ಬಾಯಿಗೆ ಹಾಕಿಕೊಂಡಾರು. ಎಟುಕದ ಜಾಗದಲ್ಲಿ ಇಡಿ. ಮಗು ಅಗಿದು ನುಂಗಿದ್ದರೆ ಮನೆಮದ್ದು ಮಾಡುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನೆನಪಿಡಿ

● ಪ್ರತಿ ಜೀವಕೋಶದ ಮೈಮೇಲೆ ಸಕ್ಕರೆ ಸರದ ಗುರುತು ಇದೆ.
● ಅದನ್ನು ಹಿಡಿಯುವ ಪ್ರೋಟೀನ್ ಲೆಕ್ಟಿನ್.
● ಎ, ಬಿ, ಎಬಿ, ಓ ರಕ್ತದ ಗುಂಪು ಸಕ್ಕರೆಯ ಗುರುತು.
● ಮೊದಲ ಹಾಲು ಚೆಲ್ಲಬಾರದು.
● ಲಸಿಕೆ ಪೂರ್ತಿ ಹಾಕಿಸಬೇಕು.
● ಕಾಳು ಚೆನ್ನಾಗಿ ಬೇಯಬೇಕು.

ಅಭ್ಯಾಸ

ಅ) ಬಿಟ್ಟ ಜಾಗ ತುಂಬಿ.
1. ಲೆಕ್ಟಿನ್ ಎಂಬ ಹೆಸರು ________ ಎಂಬ ಅರ್ಥದ ಮಾತಿನಿಂದ ಬಂತು.
2. ಎ1 ರಕ್ತವನ್ನು ಗುರುತಿಸಲು ________ ಕಾಳಿನ ಲೆಕ್ಟಿನ್ ಬಳಸುತ್ತಾರೆ.
3. ಮಗು ಹುಟ್ಟಿದ ________ ಗಂಟೆಯೊಳಗೆ ಎದೆಹಾಲು ಕೊಡಬೇಕು.

ಆ) ಸರಿಯೋ ತಪ್ಪೋ ಹೇಳಿ.
1. ಸಿಹಿ ಜಾಸ್ತಿ ತಿಂದರೆ ಕೋಶದ ಸಕ್ಕರೆ ಸರ ಉದ್ದ ಆಗುತ್ತದೆ.
2. ಕೀವಿನಲ್ಲಿ ಸತ್ತ ಬಿಳಿ ಕೋಶಗಳು ಇರುತ್ತವೆ.
3. ತಾಯಿ ಹಾಲಿನ ಕೆಲವು ಸಕ್ಕರೆಗಳು ಮಗುವಿಗೆ ಅರಗುವುದಿಲ್ಲ.

ಇ) ಕೂಡಿ ಮಾತಾಡಿ.
ನಿಮ್ಮ ಊರಿನಲ್ಲಿ ಮೊದಲ ಹಾಲು ಚೆಲ್ಲುವ ರೂಢಿ ಇದೆಯೇ? ಅತ್ತೆಗೆ, ಅಜ್ಜಿಗೆ ನೋವಾಗದ ಹಾಗೆ ಹೇಗೆ ತಿಳಿಸಿ ಹೇಳುತ್ತೀರಿ?

ಈ) ಮಾಡಿ ನೋಡಿ.
ನಿಮ್ಮ ಮನೆಯವರ ಹೆಸರು, ಅವರ ರಕ್ತದ ಗುಂಪು ಒಂದು ಹಾಳೆಯಲ್ಲಿ ಬರೆಯಿರಿ. ಗೊತ್ತಿಲ್ಲದವರ ಹೆಸರಿನ ಮುಂದೆ ಜಾಗ ಬಿಡಿ. ಆರೋಗ್ಯ ಕೇಂದ್ರಕ್ಕೆ ಹೋದಾಗ ಪರೀಕ್ಷೆ ಮಾಡಿಸಿ ಆ ಜಾಗ ತುಂಬಿ. ಹಾಳೆಯನ್ನು ಬಾಗಿಲ ಹಿಂದೆ ಅಂಟಿಸಿ.